ಮತ್ತೆ ಹಿಗ್ಗಿಸುವ ಮುಂಚೆ ಒಂದು ತುಣುಕು ಪರೀಕ್ಷೆಗೆ ಕಳಿಸಿ: ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಿಗೆ, ಮತ್ತು ನಮ್ಮ ಜಿಲ್ಲೆಯಲ್ಲಿ ಗಂಡಸರ ಮೂತ್ರದ ತೊಂದರೆಗೆ ಚಿಕಿತ್ಸೆ ಕೊಡುವ ಎಲ್ಲ ವೈದ್ಯರಿಗೆ,

ಮಾನ್ಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮೂತ್ರನಾಳ ಕಿರಿದಾಗಿದೆ ಅಂತ ಬಂದ ಗಂಡಸಿಗೆ ನಾಳ ಹಿಗ್ಗಿಸಿ ಮನೆಗೆ ಕಳಿಸುತ್ತೀರಿ. ಅವನು ಸ್ವಲ್ಪ ದಿನಕ್ಕೇ ಅದೇ ತೊಂದರೆ ಹೇಳಿಕೊಂಡು ವಾಪಸ್ ಬಂದರೆ, ರಕ್ತ ಕಾಣಿಸಿತು ಅಂದರೆ, ಅಥವಾ ಮುಟ್ಟಿದರೆ ಕೈಗೆ ಗಟ್ಟಿ ಗಂಟು ಸಿಕ್ಕರೆ, ಇನ್ನೊಮ್ಮೆ ಹಿಗ್ಗಿಸುವ ಮುಂಚೆ ದುರ್ಬೀನು ಹಾಕಿ ಒಳಗೆ ನೋಡಿ. ಒಂದು ತುಣುಕು ತೆಗೆದು, ಕ್ಯಾನ್ಸರ್ ಇದೆಯಾ ಅಂತ ಪರೀಕ್ಷೆಗೆ ಕಳಿಸಿ. ಇದು ಒಬ್ಬೊಬ್ಬ ವೈದ್ಯರ ಮರ್ಜಿಗೆ ಬಿಟ್ಟ ವಿಷಯ ಆಗಬಾರದು. ಜಿಲ್ಲೆಯ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆಲ್ಲ ನಿಮ್ಮ ಕಚೇರಿಯಿಂದ ಬರಹದಲ್ಲೇ ಹೋಗಬೇಕು.

ನಾನು ವೈದ್ಯನಲ್ಲ. ಹಳೇ ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ನನ್ನ ಸೋದರಮಾವ ಮೂತ್ರನಾಳದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಕಥೆ ಹೇಳಿ ನಿಮ್ಮಿಂದ ಅನುಕಂಪ ಪಡೆಯುವುದು ನನ್ನ ಉದ್ದೇಶ ಅಲ್ಲ. ಆದರೆ ಎಲ್ಲಿ ಸಮಯ ಹಾಳಾಯಿತು ಅನ್ನುವುದು ಆ ಕಥೆಯಲ್ಲೇ ಇದೆ, ಅದಕ್ಕೆ ಹೇಳುತ್ತೇನೆ.

ಮಾವ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು. ವಯಸ್ಸಿದ್ದಾಗ ಒಮ್ಮೆ ಮರದಿಂದ ಜಾರಿ ಬದುವಿನ ಕಲ್ಲಿನ ಮೇಲೆ ಕಾಲು ಅಗಲಿಸಿಕೊಂಡು ಬಿದ್ದಿದ್ದರು. ಆಗ ಮೂತ್ರ ಕಟ್ಟಿ, ಪೈಪ್ ಹಾಕಿಸಿಕೊಂಡು ಬಂದಿದ್ದರು. ಅರವತ್ತು ದಾಟಿದ ಮೇಲೆ ಧಾರೆ ಸಣ್ಣ ಆಗತೊಡಗಿತು. ಒಂದಕ್ಕೆ ಹೋದರೆ ಅರ್ಧ ಗಂಟೆ ಬರುತ್ತಿರಲಿಲ್ಲ. ಊರಿನ ಒಂದು ಆಸ್ಪತ್ರೆಯಲ್ಲಿ ಔಷಧ ಬಿಟ್ಟು ಎಕ್ಸ್‌ರೇ ತೆಗೆದರು, ಆರ್‌ಜಿಯು ಅನ್ನುತ್ತಾರಲ್ಲ ಅದು. ನಾಳ ಒಂದು ಕಡೆ ದಾರದಂತೆ ಕಿರಿದಾಗಿತ್ತು. ಹಳೇ ಪೆಟ್ಟಿನಿಂದ ಸ್ಟ್ರಿಕ್ಚರ್, ಅಂದರೆ ಗಾಯ ಮಾಗಿ ನಾಳ ಕಿರಿದಾಗುವುದು, ಆಗಿದೆ ಎಂದರು, ಸಲಾಕೆ ಹಾಕಿ ಹಿಗ್ಗಿಸಿದರು. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ. ಯಾವ ವೈದ್ಯರಾದರೂ ಮೊದಲು ಹಾಗೇ ಯೋಚಿಸುತ್ತಾರೆ.

ತೊಂದರೆ ಶುರುವಾಗಿದ್ದು ಆಮೇಲೆ. ಧಾರೆ ಮತ್ತೆ ಸಣ್ಣ ಆಯಿತು, ಅದೂ ಬೇಗ. ಮತ್ತೆ ಹಿಗ್ಗಿಸಿದರು. ಮಾವ ಯಾವಾಗಲೂ ಬಿಳಿ ಪಂಚೆ ಉಡುವವರು. ಪಂಚೆಯ ಮೇಲೆ ಕಾಸಿನಗಲದ ರಕ್ತದ ಕಲೆ ನೋಡಿದ್ದು ಅತ್ತೆ. ಮೂತ್ರ ಮಾಡುವಾಗ ಅಲ್ಲ, ಸುಮ್ನೆ ಕೂತಾಗ ಬಂದ ರಕ್ತ ಅದು. ಕೇಳಿದರೆ, ಸಲಾಕೆ ಹಾಕಿದ್ದಕ್ಕೆ ಒಳಗೆ ಗೀರಿದೆ, ವಾಸಿಯಾಗುತ್ತೆ ಎಂದರು. ಮತ್ತೆ ಹಿಗ್ಗಿಸಿದರು. ಆಮೇಲೆ ವೃಷಣದ ಹಿಂದೆ, ಕೂರುವ ಜಾಗದ ಮುಂದೆ, ಗಟ್ಟಿಯಾಗಿ ಊದಿಕೊಂಡಿತು. ಕುರು ಎಂದು ಕೊಯ್ದು ಕೀವು ತೆಗೆದರು. ಯಾವ ರೋಗಾಣು ಅಂತ ನೋಡಲು ಕೀವನ್ನು ಕಲ್ಚರ್‌ಗೆ ಕಳಿಸಿದರು. ಅದೇ ಗಾಯದ ಅಂಚಿನಿಂದ ಕಡಲೆ ಕಾಳಿನಷ್ಟು ಮಾಂಸ ತೆಗೆದು ಪೆಥಾಲಜಿಗೆ ಕಳಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕಳಿಸಲಿಲ್ಲ. ಗಾಯ ಕೂಡಲಿಲ್ಲ, ಅಲ್ಲಿಂದಲೇ ಮೂತ್ರ ಜಿನುಗತೊಡಗಿತು. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಬೆಂಗಳೂರಿಗೆ ಹೋದೆವು. ಅಲ್ಲಿ ಮೊದಲ ವಾರದಲ್ಲೇ ಬಯಾಪ್ಸಿ, ಅಂದರೆ ತುಣುಕು ತೆಗೆದು ನೋಡುವ ಪರೀಕ್ಷೆ, ಆಯಿತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಒಳಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್.

ಅಷ್ಟೊತ್ತಿಗೆ ಇನ್ನೊಂದು ಅನಾಹುತ ಆಗಿತ್ತು. ಬಹಳ ಕಾಲ ಮೂತ್ರ ಸರಿಯಾಗಿ ಹೋಗದೆ ಕಿಡ್ನಿಗಳು ಸೊರಗಿದ್ದವು. ಇಂಥ ಕ್ಯಾನ್ಸರ್‌ಗೆ ಕೊಡುವ ಮುಖ್ಯ ಕೀಮೋ ಔಷಧ ಸಿಸ್‌ಪ್ಲಾಟಿನ್. ಅದನ್ನು ಕೊಡಬೇಕಾದರೆ ಕಿಡ್ನಿ ಚೆನ್ನಾಗಿರಬೇಕು. ಮಾವನಿಗೆ ಅದನ್ನು ಕೊಡಲು ಆಗಲಿಲ್ಲ. ತಡವಾದರೆ ರೋಗ ಬೆಳೆಯುತ್ತೆ ಅನ್ನುವುದು ಎಲ್ಲರಿಗೂ ಗೊತ್ತು. ತಡವಾದರೆ ಔಷಧವೂ ಕೈತಪ್ಪುತ್ತೆ ಅನ್ನುವುದು ನನಗೆ ಅವತ್ತು ಆ ಕಾರಿಡಾರ್‌ನಲ್ಲಿ ನಿಂತಾಗ ಅರ್ಥವಾಯಿತು.

ಇದು ಅಪರೂಪದ ಕಾಯಿಲೆ, ನಾನು ಒಪ್ಪುತ್ತೇನೆ. ಮೂತ್ರಾಂಗ ಮತ್ತು ಜನನಾಂಗದ ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕಿಂತ ಕಡಿಮೆ ಇದು. ಅಮೆರಿಕದ ಕ್ಯಾನ್ಸರ್ ನೋಂದಣಿಗಳ ಲೆಕ್ಕದಲ್ಲಿ ವರ್ಷಕ್ಕೆ 10 ಲಕ್ಷ ಗಂಡಸರಲ್ಲಿ ನಾಲ್ಕು ಜನರ ಆಸುಪಾಸು. ಒಬ್ಬ ಸರ್ಜನ್ ತನ್ನ ಇಡೀ ವೃತ್ತಿಯಲ್ಲಿ ಒಂದೋ ಎರಡೋ ನೋಡಬಹುದು, ನೋಡದೆಯೂ ಇರಬಹುದು. ಆದರೆ ಯುರೋಪಿನಲ್ಲಿ ರೇರ್‌ಕೇರ್ ಎಂಬ ಯೋಜನೆಯವರು ಅಪರೂಪದ ಕ್ಯಾನ್ಸರ್‌ಗಳನ್ನೆಲ್ಲ ಕೂಡಿಸಿ ನೋಡಿದಾಗ, ಒಟ್ಟು ಕ್ಯಾನ್ಸರ್ ರೋಗಿಗಳಲ್ಲಿ ಐದಕ್ಕೆ ಒಬ್ಬರಿಗಿಂತ ಜಾಸ್ತಿ ಜನ ಇಂಥ ಒಂದಲ್ಲ ಒಂದು ಅಪರೂಪದ ಕ್ಯಾನ್ಸರ್‌ನವರೇ ಆಗಿದ್ದರು. ಒಂದೊಂದೇ ಲೆಕ್ಕ ಹಾಕಿದರೆ ಯಾರ ಕಣ್ಣಿಗೂ ಬೀಳದವರು, ಸೇರಿಸಿದರೆ ದೊಡ್ಡ ಗುಂಪು.

ಈ ಕ್ಯಾನ್ಸರ್ ವೈದ್ಯರ ಕಣ್ಣು ತಪ್ಪಿಸಿಕೊಳ್ಳುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ವೈದ್ಯರಿಗೆ ಇದು ಗೊತ್ತಿರುವುದೇ. ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ.

ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್. ಗಂಡಸರದು 18ರಿಂದ 20 ಸೆಂಟಿಮೀಟರ್. ಮೂತ್ರಕೋಶದಿಂದ ಹೊರಟು, ಪ್ರಾಸ್ಟೇಟ್ ಗ್ರಂಥಿಯ ಒಳಗಿಂದ ಹಾದು, ವೃಷಣದ ಹಿಂದೆ ಬಾಗಿ, ಶಿಶ್ನದ ತುದಿಗೆ ಬರುತ್ತದೆ. ಪೆಟ್ಟು ಬಿದ್ದು, ಸೋಂಕಾಗಿ, ಪೈಪ್ ಹಾಕಿದ್ದಕ್ಕೆ ನಾಳ ಕಿರಿದಾಗುವುದು ಜಾಸ್ತಿ ಆ ಬಾಗಿದ ಜಾಗದಲ್ಲಿ. ಕ್ಯಾನ್ಸರ್ ಜಾಸ್ತಿ ಹುಟ್ಟುವುದೂ ಅದೇ ಜಾಗದ ಆಸುಪಾಸಿನಲ್ಲಿ. ಎರಡರ ಲಕ್ಷಣವೂ ಒಂದೇ: ಸಣ್ಣ ಧಾರೆ, ತಿಣುಕಾಟ, ಪೂರ್ತಿ ಹೋಗಿಲ್ಲ ಅನ್ನುವ ಭಾವನೆ. ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಒಂದೇ ಥರ ಕಾಣುತ್ತವೆ. ಜೊತೆಗೆ, ಹಳೇ ಸ್ಟ್ರಿಕ್ಚರ್ ಇರುವ ನಾಳದಲ್ಲಿ ವರ್ಷಗಟ್ಟಲೆ ಉರಿ, ಕೆರಳಿಕೆ ಇದ್ದೇ ಇರುತ್ತದೆ. ಅಂಥ ಕಡೆಯೇ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಅಂದರೆ ಸ್ಟ್ರಿಕ್ಚರ್ ಇದೆ ಅನ್ನುವುದು ಕ್ಯಾನ್ಸರ್ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಎರಡೂ ಒಟ್ಟಿಗೆ ಇರಬಹುದು. ನಮ್ಮ ಮಾವನ ಕಡತದಲ್ಲಿ ಸ್ಟ್ರಿಕ್ಚರ್ ಅಂತ ಒಮ್ಮೆ ಬರೆದ ಮೇಲೆ ಬೇರೆ ಯಾವ ಅನುಮಾನಕ್ಕೂ ಜಾಗ ಉಳಿಯಲಿಲ್ಲ.

ರಕ್ತ ಯಾವಾಗ ಬರುತ್ತದೆ ಅನ್ನುವುದನ್ನು ಕೇಳಿದರೆ ಬಹಳ ತಿಳಿಯುತ್ತದೆ. ಮೂತ್ರ ಶುರುವಾಗುವಾಗ ಮಾತ್ರ ರಕ್ತ ಬಂದು ಆಮೇಲೆ ತಿಳಿಯಾದರೆ, ಅಥವಾ ಮೂತ್ರ ಮಾಡದಾಗಲೂ ಬಟ್ಟೆಗೆ ಕಲೆ ಆಗುತ್ತಿದ್ದರೆ, ತೊಂದರೆ ನಾಳದಲ್ಲೇ ಇರುವ ಸಾಧ್ಯತೆ ಜಾಸ್ತಿ. ಶುರುವಿನಿಂದ ಕೊನೆಯವರೆಗೂ ಕೆಂಪಾಗಿದ್ದರೆ ಮೂತ್ರಕೋಶವನ್ನೋ ಕಿಡ್ನಿಯನ್ನೋ ನೋಡಬೇಕು. ಈ ಒಂದು ಪ್ರಶ್ನೆ ಕೇಳಲು ದುಡ್ಡು ಬೇಡ, ಯಂತ್ರ ಬೇಡ. ಆದರೆ ಕೇಳುವವರು ಕಡಿಮೆ.

ಇನ್ನೂ ಕೆಲವು ವಿಷಯ ಕೇಳಬೇಕು. ಹಿಂದೆ ಲೈಂಗಿಕ ಸೋಂಕು ಆಗಿತ್ತಾ? ಬಹಳ ದಿನ ಪೈಪ್ ಇತ್ತಾ? ಪ್ರಾಸ್ಟೇಟ್‌ಗೆ ರೇಡಿಯೇಷನ್ ಕೊಟ್ಟಿದ್ದರಾ? ಶಿಶ್ನದ ತುದಿಯ ಚರ್ಮ ಬೆಳ್ಳಗಾಗಿ ಬಿಗಿದುಕೊಂಡಿದೆಯಾ? ಅದಕ್ಕೆ ಲೈಕೆನ್ ಸ್ಕ್ಲೆರೋಸಸ್ ಅನ್ನುತ್ತಾರೆ, ನಾಳವನ್ನೂ ಕಿರಿದು ಮಾಡುತ್ತದೆ. ಹಿಂದೆ ಮೂತ್ರಕೋಶದ ಕ್ಯಾನ್ಸರ್ ಆಗಿದ್ದವರಂತೂ ನಾಳದ ಮೇಲೆ ಕಣ್ಣಿಡಲೇಬೇಕು. ಅದೇ ಜಾತಿಯ ಕ್ಯಾನ್ಸರ್ ನಾಳದಲ್ಲಿ ಮತ್ತೆ ಹುಟ್ಟಬಹುದು. ಮೂತ್ರಕೋಶದ ಕ್ಯಾನ್ಸರ್‌ಗೆ ದೊಡ್ಡ ಕಾರಣ ತಂಬಾಕು. ನಮ್ಮ ಕಡೆ ಬೀಡಿ ಸೇದುವವರು ಎಷ್ಟು ಜನ ಅಂತ ಹೇಳಬೇಕಾಗಿಲ್ಲ.

ಇನ್ನು ತೊಡೆಸಂದಿಯ ಗಂಟು. ಕಾಲಿಗೆ ಮುಳ್ಳು ಚುಚ್ಚಿದರೂ ಅಲ್ಲಿ ಗಂಟು ಬರುತ್ತೆ ಎಂದು ನಮ್ಮ ಜನ ಸುಮ್ಮನಾಗುತ್ತಾರೆ. ಶಿಶ್ನದ ಕ್ಯಾನ್ಸರ್‌ನಲ್ಲಿ ಕೂಡ ಆ ಗಂಟು ಎಷ್ಟೋ ಸಲ ಬರೀ ಸೋಂಕಿನದೇ ಆಗಿರುತ್ತದೆ. ಮೂತ್ರನಾಳದ ಕ್ಯಾನ್ಸರ್‌ನಲ್ಲಿ ಹಾಗಲ್ಲ. ಅಲ್ಲಿ ಕೈಗೆ ಸಿಗುವ ಗಂಟು ಸಾಮಾನ್ಯವಾಗಿ ಹರಡಿದ ಕ್ಯಾನ್ಸರ್. ಅದಕ್ಕೆ ಆಂಟಿಬಯಾಟಿಕ್ ಕೊಟ್ಟು ಕಾಯುತ್ತಾ ಕೂರುವ ಹಾಗಿಲ್ಲ.

ಪರೀಕ್ಷೆ ಅಂದರೆ ಏನು ದೊಡ್ಡ ವಿಷಯ ಅಲ್ಲ. ತೆಳುವಾದ ದುರ್ಬೀನಿನಿಂದ ನಾಳವನ್ನೂ ಮೂತ್ರಕೋಶವನ್ನೂ ನೋಡುವುದು, ಅನುಮಾನ ಇರುವ ಕಡೆ ತುಣುಕು ತೆಗೆಯುವುದು. ಮೂತ್ರದಲ್ಲಿ ಕ್ಯಾನ್ಸರ್ ಜೀವಕೋಶ ಇದೆಯಾ ಅಂತ ಸೈಟಾಲಜಿ ನೋಡಬಹುದು, ಆದರೆ ಅದೊಂದನ್ನೇ ನಂಬುವ ಹಾಗಿಲ್ಲ. ಸ್ಕ್ವಾಮಸ್ ಜಾತಿಯದಾದರೆ ಅದು ಎಷ್ಟೋ ಸಲ ಸಿಕ್ಕುವುದಿಲ್ಲ. ಕ್ಯಾನ್ಸರ್ ಅಂತ ಖಾತ್ರಿಯಾದ ಮೇಲೆ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಎಂಆರ್‌ಐ, ಬೇರೆ ಕಡೆ ಹರಡಿದೆಯಾ ಎಂದು ನೋಡಲು ಎದೆ, ಹೊಟ್ಟೆಯ ಸಿಟಿ ಸ್ಕ್ಯಾನ್. ದುರ್ಬೀನು, ಪೆಥಾಲಜಿ, ಎಂಆರ್‌ಐ ಎಲ್ಲವೂ ದಾವಣಗೆರೆಯಲ್ಲಿ ಇವೆ. 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ಇದು. ಅಕ್ಕಪಕ್ಕದ ಚಿತ್ರದುರ್ಗ, ಹಾವೇರಿಯಿಂದ ಜನ ಇಲ್ಲಿಗೆ ಆಸ್ಪತ್ರೆಗೆ ಅಂತಲೇ ಬರುತ್ತಾರೆ. ಸೌಲಭ್ಯ ಇಲ್ಲ ಅನ್ನುವ ಮಾತು ನಮಗೆ ಹೊಂದುವುದಿಲ್ಲ. ಬಯಾಪ್ಸಿ ಮಾಡಬೇಕು ಅನ್ನುವ ಯೋಚನೆ ಸರಿಯಾದ ಹೊತ್ತಿಗೆ ಬರುವುದಿಲ್ಲ, ಅಷ್ಟೇ.

ಬೇಗ ಸಿಕ್ಕರೆ ಏನು ಲಾಭ ಅಂತ ಕೇಳುವವರಿದ್ದಾರೆ. ತುಂಬಾ ಲಾಭ ಇದೆ. ನಾಳದ ತುದಿಯ ಕಡೆ, ಮೇಲ್ಪದರದಲ್ಲೇ ಇದ್ದಾಗ ಸಿಕ್ಕರೆ ಅಷ್ಟನ್ನೇ ತೆಗೆದು ಅಂಗ ಉಳಿಸಬಹುದು. ಕೆಲವರಿಗೆ ವೃಷಣದ ಹಿಂದೆ ಹೊಸ ದಾರಿ ಮಾಡಿಕೊಡುತ್ತಾರೆ, ಕೂತು ಮೂತ್ರ ಮಾಡಬೇಕಾಗುತ್ತೆ, ಅಷ್ಟೇ. ಆಳಕ್ಕೆ ಇಳಿದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುವ ದಾರಿ ಇದೆ. ಸ್ಕ್ವಾಮಸ್ ಜಾತಿಯದಕ್ಕೆ ರೇಡಿಯೇಷನ್ ಜೊತೆಗೆ ಮೈಟೊಮೈಸಿನ್, 5-ಎಫ್‌ಯು ಎಂಬ ಔಷಧ ಕೊಟ್ಟು ಆಪರೇಷನ್ ಇಲ್ಲದೆಯೇ ಗುಣವಾದವರೂ ಇದ್ದಾರೆ. ಇನ್ನೂ ತಡವಾದರೆ ಶಿಶ್ನ, ಪ್ರಾಸ್ಟೇಟ್, ಮೂತ್ರಕೋಶ ಎಲ್ಲ ತೆಗೆದು ಹೊಟ್ಟೆಗೆ ಚೀಲ ಹಾಕಬೇಕಾಗಬಹುದು. ರೇರ್‌ಕೇರ್ ಅಂಕಿಗಳ ಪ್ರಕಾರ ಯುರೋಪಿನಲ್ಲಿ ಮೂತ್ರನಾಳದ ಕ್ಯಾನ್ಸರ್ ಆದವರು ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 54. ಇದು ಎಲ್ಲ ಹಂತದವರನ್ನೂ ಸೇರಿಸಿದ ಲೆಕ್ಕ. ಬೇಗ ಸಿಕ್ಕವರದು ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಒಳಗಿನ ಭಾಗದಲ್ಲಿ ಬೆಳೆದು ತಡವಾಗಿ ಸಿಕ್ಕವರೇ ಈ ಲೆಕ್ಕವನ್ನು ಕೆಳಗೆ ಎಳೆಯುವುದು.

ಈಗ ನನ್ನ ಅಂಗಡಿಯ ಮಾತು. ನನಗೆ ದಿನಾ ಕಾಣುವುದು ಇದು. ಗಂಡಸರು ಬಂದು ತೂಕದ ಯಂತ್ರದ ಪಕ್ಕ ನಿಲ್ಲುತ್ತಾರೆ. ಕೌಂಟರ್‌ನಲ್ಲಿ ಹೆಂಗಸರಿದ್ದರೆ ಅವರು ಹೋಗುವವರೆಗೂ ಮೊಬೈಲ್ ನೋಡುತ್ತಾ ನಿಂತಿರುತ್ತಾರೆ. ಆಮೇಲೆ ಹತ್ತಿರ ಬಂದು, 'ಉಷ್ಣಕ್ಕೆ ಏನಾದ್ರೂ ಕೊಡಿ' ಅನ್ನುತ್ತಾರೆ. ಜೇಬಿನಲ್ಲಿ ಬೆವರಿಗೆ ಶಾಯಿ ಹರಡಿದ ಹಳೇ ಚೀಟಿ ಇರುತ್ತದೆ. ಅದರಲ್ಲಿ ಬರೆದ ಸಿರಪ್ ಅನ್ನೇ ಮತ್ತೆ ಕೇಳುತ್ತಾರೆ. ಬಹುಪಾಲು ಜನರಿಗೆ ಅದು ನಿಜಕ್ಕೂ ಉರಿಮೂತ್ರವೇ. ಜಗಳೂರು ಕಡೆಯ ಬಿಸಿಲಲ್ಲಿ ದಿನವಿಡೀ ನೀರಿಲ್ಲದೆ ದುಡಿಯುವವರು, ನೀರು ಕುಡಿದು ನೆರಳಲ್ಲಿದ್ದರೆ ಸರಿಹೋಗುತ್ತಾರೆ. ಆದರೆ ರಕ್ತ ಬಂತಾ ಅಂತ ಮೆಲ್ಲಗೆ ಕೇಳಿದಾಗ ತಲೆಯಾಡಿಸುವವರೂ ಇದ್ದಾರೆ. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ಎಲ್ಲ ಆಗಿರುತ್ತದೆ. ಡಾಕ್ಟರ್ ಹತ್ತಿರ ಹೋಗಿರುವುದಿಲ್ಲ. ಹೆಂಡತಿಗೂ ಹೇಳಿರುವುದಿಲ್ಲ.

ಇವರನ್ನು ಬೈದು ಪ್ರಯೋಜನ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಮೂರು ಕ್ಯಾನ್ಸರ್‌ಗಳ ತಪಾಸಣೆ ಇದೆ: ಬಾಯಿ, ಸ್ತನ, ಗರ್ಭಕಂಠ. ಒಳ್ಳೆಯದೇ, ಅವು ಬಹಳ ಜನರ ಪ್ರಾಣ ತೆಗೆಯುವ ಕ್ಯಾನ್ಸರ್‌ಗಳು. ಮೂತ್ರನಾಳದ ಕ್ಯಾನ್ಸರ್‌ಗೂ ಶಿಬಿರ ಮಾಡಿ ಎಂದು ನಾನು ಕೇಳುವುದಿಲ್ಲ. ಇಷ್ಟು ಅಪರೂಪದ್ದಕ್ಕೆ ಊರೂರು ತಿರುಗಿ ಹುಡುಕುವುದರಲ್ಲಿ ಅರ್ಥ ಇಲ್ಲ. ಆದರೆ ಗಂಡಸು ತನ್ನ ಸೊಂಟದ ಕೆಳಗಿನ ತೊಂದರೆಯನ್ನು ನಾಚಿಕೆ ಇಲ್ಲದೆ ಹೇಳಿಕೊಳ್ಳಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಪರದೆ, ಒಬ್ಬ ಗಂಡು ಆರೋಗ್ಯ ಕಾರ್ಯಕರ್ತ ಇರಬೇಕು. ಹೊರರೋಗಿ ವಿಭಾಗದ ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ 'ಏನು ತೊಂದರೆ?' ಅಂತ ಜೋರಾಗಿ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಹೊಟ್ಟೆನೋವು ಅಂದುಬಿಡುತ್ತಾರೆ.

ರೆಫರಲ್ ಚೀಟಿಯ ಬಗ್ಗೆ ಒಂದು ಮಾತು. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ದೊಡ್ಡ ಆಸ್ಪತ್ರೆಗೆ ಹೋಗುವವನ ಕೈಯಲ್ಲಿ ಇರುವ ಚೀಟಿಯಲ್ಲಿ ಬರೀ 'ಸ್ಟ್ರಿಕ್ಚರ್' ಅಂತ ಬರೆದಿದ್ದರೆ ಅಲ್ಲಿಯೂ ಅವನು ಸ್ಟ್ರಿಕ್ಚರ್ ಸಾಲಿನಲ್ಲೇ ನಿಲ್ಲುತ್ತಾನೆ. ದಿನಾಂಕ ಮುಂದಕ್ಕೆ ಹೋಗುತ್ತದೆ. ಅನುಮಾನ ಇದ್ದರೆ 'ಕ್ಯಾನ್ಸರ್ ಇರಬಹುದು, ಬೇಗ ನೋಡಿ' ಎಂದು ಚೀಟಿಯಲ್ಲೇ ಬರೆಯಿರಿ. ಒಂದು ಸಾಲು ಬರೆಯಲು ಏನು ಖರ್ಚಾಗುತ್ತೆ?

ಇಲ್ಲಿ ಬಯಾಪ್ಸಿ ಆಗಿದ್ದರೆ ಬರೀ ರಿಪೋರ್ಟ್ ಕೊಟ್ಟು ಕಳಿಸಬೇಡಿ. ಗಾಜಿನ ಸ್ಲೈಡ್, ಮೇಣದ ಬ್ಲಾಕ್ ಎರಡನ್ನೂ ಕೊಡಿ. ಕ್ಯಾನ್ಸರ್ ಆಸ್ಪತ್ರೆಯವರು ತಾವೇ ಇನ್ನೊಮ್ಮೆ ನೋಡದೆ ಚಿಕಿತ್ಸೆ ಶುರು ಮಾಡುವುದಿಲ್ಲ. ಬ್ಲಾಕ್ ಇಲ್ಲ ಅಂದರೆ ಮನೆಯವರು ಬಸ್ ಹತ್ತಿ ಮತ್ತೆ ವಾಪಸ್ ಬರಬೇಕು, ಇಲ್ಲವೇ ರೋಗಿ ಇನ್ನೊಮ್ಮೆ ನೋವು ತಿನ್ನಬೇಕು. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್. ಮೂತ್ರ ಸೋರುವ ಗಾಯ ಇಟ್ಟುಕೊಂಡು ಆ ದಾರಿಯಲ್ಲಿ ಕೂತು ಹೋಗುವುದು ಹೇಗಿರುತ್ತೆ ಅಂತ ಮಾವನ ಪಕ್ಕ ಕೂತು ನೋಡಿದ್ದೇನೆ. ಹಿರಿಯೂರು ಬರುವಷ್ಟರಲ್ಲಿ ಪಂಚೆ, ಸೀಟು, ಕೆಳಗೆ ಹಾಸಿದ್ದ ಟವೆಲ್ ಎಲ್ಲ ಒದ್ದೆ. ಪಕ್ಕದವರು ಎದ್ದು ಬೇರೆ ಕಡೆ ಹೋದರು. ಮಾವ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತರು.

ಇಂಥ ಕೇಸ್ ಬಂದಾಗ ಇಲ್ಲಿನ ಸರ್ಜನ್ ಒಬ್ಬರೇ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂದಾಳಾಗಿರುವ, ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2012ರಲ್ಲಿ ಶುರುವಾಗಿದೆ, ಅದರಲ್ಲಿ ಬೇರೆ ಬೇರೆ ಊರಿನ ವೈದ್ಯರು ಆನ್‌ಲೈನ್‌ನಲ್ಲಿ ಕೂತು ಕಷ್ಟದ ಕೇಸ್‌ಗಳನ್ನು ಚರ್ಚೆ ಮಾಡುತ್ತಾರೆ. ಅಪರೂಪದ ಕ್ಯಾನ್ಸರ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಯೂರಾಲಜಿಸ್ಟ್, ಕೀಮೋ ಕೊಡುವವರು, ರೇಡಿಯೇಷನ್ ಕೊಡುವವರು, ಪೆಥಾಲಜಿಸ್ಟ್ ನಾಲ್ಕೂ ಜನ ಒಟ್ಟಿಗೆ ಕೂತು ನಿರ್ಧಾರ ಮಾಡಬೇಕಾದ ಕಾಯಿಲೆ ಇದು. ಜಿಲ್ಲಾ ಆಸ್ಪತ್ರೆಯಲ್ಲಿ ಯಾರಾದರೂ ಒಬ್ಬರಿಗೆ ಈ ಸಂಪರ್ಕದ ಜವಾಬ್ದಾರಿ ವಹಿಸಿ. ಅವರ ಹೆಸರು, ಫೋನ್ ನಂಬರ್ ತಾಲ್ಲೂಕು ಆಸ್ಪತ್ರೆಗಳ ಗೋಡೆ ಮೇಲೆ ಇರಲಿ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಭಯ ನಮ್ಮ ಜನರಲ್ಲಿ ಬಲವಾಗಿದೆ. ಮಾವನ ಮನೆಯಲ್ಲೂ ಆ ಮಾತು ಬಂತು. ವೈದ್ಯರು ಇದಕ್ಕೆ ಐದು ನಿಮಿಷ ಕೊಟ್ಟು ಉತ್ತರ ಹೇಳಬೇಕು. ತುಣುಕು ನೋಡದೆ ಯಾವ ಜಾತಿಯ ಕ್ಯಾನ್ಸರ್ ಅಂತ ಗೊತ್ತಾಗುವುದಿಲ್ಲ, ಜಾತಿ ಗೊತ್ತಾಗದೆ ಔಷಧ ಆರಿಸಲು ಆಗುವುದಿಲ್ಲ. ಒಂದು ಸಲ ಕ್ಯಾನ್ಸರ್ ಇಲ್ಲ ಎಂದು ಬಂದರೂ ಗಾಯ ಕೂಡದಿದ್ದರೆ, ಗಂಟು ಬೆಳೆಯುತ್ತಿದ್ದರೆ, ಇನ್ನೊಮ್ಮೆ ತೆಗೆಯಬೇಕು. ತುಣುಕು ಸರಿಯಾದ ಜಾಗದಿಂದ ಬಂದಿರದೆ ಇರಬಹುದು.

ನೀವು ಹೊರಡಿಸುವ ಸುತ್ತೋಲೆ ಒಂದು ಪುಟ ಇದ್ದರೆ ಸಾಕು. ಮತ್ತೆ ಮತ್ತೆ ಬರುವ ಸ್ಟ್ರಿಕ್ಚರ್, ನಾಳದಿಂದ ರಕ್ತ, ಗಟ್ಟಿ ಗಂಟು, ವಾಸಿಯಾಗದ ಕುರು, ಮೂತ್ರ ಜಿನುಗುವ ತೂತು, ತೊಡೆಸಂದಿಯ ಗಂಟು. ಇದರಲ್ಲಿ ಒಂದಿದ್ದರೂ ತುಣುಕು ತೆಗೆಯದೆ ಮುಂದುವರಿಯಬಾರದು ಎಂದು ಬರೆಯಿರಿ. ಕುರು ಕೊಯ್ಯುವಾಗ ಕೀವಿನ ಜೊತೆ ಗಾಯದ ಅಂಚಿನ ಮಾಂಸವನ್ನೂ ಕಳಿಸಬೇಕು ಎಂದು ಸೇರಿಸಿ. ಅದರ ಒಂದೊಂದು ಪ್ರತಿಯನ್ನು ಔಷಧ ಅಂಗಡಿಗಳಿಗೂ ಕೊಡಿ. ಗಂಡಸರು ಮೊದಲು ಬರುವುದು ನಮ್ಮ ಹತ್ತಿರವೇ. ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಅಂಗಡಿಯವರಿಗೆ ನಾನೇ ತಲುಪಿಸುತ್ತೇನೆ, ಪ್ರಿಂಟ್ ಖರ್ಚೂ ನನ್ನದೇ. ನಿಮ್ಮ ಕಚೇರಿಗೆ ಯಾವ ದಿನ ಬರಲಿ ಎಂದು ತಿಳಿಸಿ. ಮಾವನ ಎಲ್ಲ ಕಾಗದ, ಎಕ್ಸ್‌ರೇ ಫಿಲ್ಮ್, ಆಸ್ಪತ್ರೆಯ ಹೆಸರು ಮುಚ್ಚಿಕೊಂಡು ತರುತ್ತೇನೆ. ಯಾವ ತಾರೀಖಿಗೆ ಒಂದು ತುಣುಕು ತೆಗೆಯಬಹುದಿತ್ತು ಎಂದು ನಿಮ್ಮ ಸರ್ಜನ್‌ಗಳೇ ನೋಡಿ ಹೇಳಲಿ.

ಇಂತಿ,
ದಾವಣಗೆರೆಯ ಒಬ್ಬ ಫಾರ್ಮಸಿಸ್ಟ್